26/11ರ ನಂತರ ಏನೇನು ಬದಲಾಯಿತು: ಪದೇ ಪದೇ ಕೇಳುವ ಪ್ರಶ್ನೆಗಳು

2008ರ ನವೆಂಬರ್ 26ರ ರಾತ್ರಿ ಮುಂಬೈಯಲ್ಲಿ ಶುರುವಾದ ದಾಳಿ 29ರ ಬೆಳಿಗ್ಗೆ ಮುಗಿಯಿತು. ಗುಂಡಿನ ಸದ್ದು ನಿಂತ ಮೇಲೆ ಶುರುವಾದದ್ದರ ಬಗ್ಗೆ ಈ ಪುಟ: ಪರಿಹಾರದ ಕಾಗದ, ಜಾಮೀನು ಕಷ್ಟವಾದ ಕಾನೂನು, ಮೀನುಗಾರರ ಗುರುತಿನ ಚೀಟಿ, ಮಾಲ್ ಬಾಗಿಲಿನ ಬೀಪ್ ಸದ್ದು, ನಿದ್ದೆ ಬಾರದ ರಾತ್ರಿಗಳು. ದಾಳಿಯ ರೋಚಕ ವಿವರ ಬೇಕಾದವರಿಗೆ ಬೇರೆ ಜಾಗಗಳಿವೆ. ಹೊರರಾಜ್ಯದಲ್ಲಿ ಇಂಥ ಘಟನೆಗೆ ಸಿಲುಕಿದವರ ಮನೆಯವರಿಗೆ ತಕ್ಷಣ ಬೇಕಾಗುವ ಮಾಹಿತಿ ನಡುವೆ ಇದೆ. ಅವಸರವಿದ್ದವರು ನೇರ ಅಲ್ಲಿಗೆ ಹೋಗಬಹುದು.

ಅಂದು ನಡೆದದ್ದೇನು, ಚುಟುಕಾಗಿ?

ಕರಾಚಿಯಿಂದ ಸಮುದ್ರದ ಮೂಲಕ ಹೊರಟ 10 ಜನ ಲಷ್ಕರ್-ಎ-ತೊಯ್ಬಾ ಉಗ್ರರು ದಾರಿಯಲ್ಲಿ ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕೆ ಬೋಟನ್ನು ವಶಪಡಿಸಿಕೊಂಡರು. ಅದರ ತಂಡೇಲನನ್ನು (ಬೋಟು ನಡೆಸುವ ಮುಖ್ಯಸ್ಥ) ಕೊಂದು, ರಬ್ಬರ್ ದೋಣಿಯಲ್ಲಿ ಬಧ್ವಾರ್ ಪಾರ್ಕ್ ಹತ್ತಿರದ ಮೀನುಗಾರರ ಕಾಲೊನಿಯ ದಡಕ್ಕೆ ಬಂದಿಳಿದರು. ಛತ್ರಪತಿ ಶಿವಾಜಿ ಟರ್ಮಿನಸ್ (ಸಿಎಸ್‌ಟಿ), ಲಿಯೋಪೋಲ್ಡ್ ಕೆಫೆ, ಕಾಮಾ ಆಸ್ಪತ್ರೆ, ತಾಜ್, ಒಬೆರಾಯ್-ಟ್ರೈಡೆಂಟ್, ನಾರಿಮನ್ ಹೌಸ್ ಮೇಲೆ ದಾಳಿಯಾಯಿತು. ಎರಡು ಟ್ಯಾಕ್ಸಿಗಳಲ್ಲಿ ಇಟ್ಟ ಬಾಂಬ್‌ಗಳೂ ಸಿಡಿದವು. ಒಟ್ಟು 166 ಜನ ಸತ್ತರು. ಒಂಬತ್ತು ಉಗ್ರರು ಹತರಾದರು, ಅಜ್ಮಲ್ ಕಸಬ್ ಎಂಬ ಒಬ್ಬ ಜೀವಂತ ಸಿಕ್ಕಿದ.

ಆ ಒಬ್ಬ ಸಿಕ್ಕಿದ್ದು ತುಕಾರಾಂ ಓಂಬಳೆ ಅವರಿಂದ. ಗಿರ್‌ಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿದ್ದ ಆ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಕೈಯಲ್ಲಿದ್ದದ್ದು ಲಾಠಿ. ಎಕೆ ರೈಫಲಿನ ನಳಿಕೆಯನ್ನು ಹಿಡಿದುಕೊಂಡು ಗುಂಡು ತಿಂದು ಸತ್ತರು, ಹಿಡಿತ ಬಿಡಲಿಲ್ಲ. ಕಸಬ್ ಹೆಣವಾಗಿದ್ದರೆ ವಿಚಾರಣೆಯೂ ಇರುತ್ತಿರಲಿಲ್ಲ, ತಪ್ಪೊಪ್ಪಿಗೆಯೂ ಇರುತ್ತಿರಲಿಲ್ಲ. ಇದರ ಹಿಂದೆ ಪಾಕಿಸ್ತಾನದ ನೆಲವಿದೆ ಎಂಬುದು ಬರೀ ಆರೋಪವಾಗಿಯೇ ಉಳಿಯುವ ಸಾಧ್ಯತೆಯಿತ್ತು.

ತಾಜ್ ಹೋಟೆಲಿನ ಚಿತ್ರ ಎಲ್ಲರ ಕಣ್ಣಲ್ಲಿದೆ. ರೈಲು ನಿಲ್ದಾಣದ್ದು ಯಾಕಿಲ್ಲ?

ಅತಿ ಹೆಚ್ಚು ಜನ ಸತ್ತ ಜಾಗ ಸಿಎಸ್‌ಟಿ. ಅಲ್ಲಿ ಸತ್ತವರು 58, ಗಾಯಗೊಂಡವರು ನೂರಕ್ಕೂ ಹೆಚ್ಚು. ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹೊರಡುವ ನಿಲ್ದಾಣ ಅದು. ದೂರದ ಊರಿನ ರೈಲುಗಳಿಗೆ ಗಂಟು ಮೂಟೆ ಸಮೇತ ಕಾಯುತ್ತ ನೆಲದ ಮೇಲೆ ಕೂತಿದ್ದವರ ಮೇಲೆ ಗುಂಡು ಹಾರಿದ್ದು. ಎಲ್ಲ ಒಂದೂವರೆ ಗಂಟೆಯೊಳಗೆ ಮುಗಿದುಹೋಯಿತು. ತಾಜ್‌ನಲ್ಲಿ ಮಾತ್ರ ಮೂರು ದಿನ ಬೆಂಕಿ, ಹೊಗೆ, ಅದರ ಎದುರಿಗೇ ಕ್ಯಾಮೆರಾ. ಟಿವಿಗೆ ಬೇಕಾದದ್ದು ಅಲ್ಲಿ ಸಿಕ್ಕಿತು.

ಇದರ ಪರಿಣಾಮ ಬರೀ ನೆನಪಿನ ಮೇಲಾಗಲಿಲ್ಲ, ಹಣದ ಮೇಲೂ ಆಯಿತು. ಹೋಟೆಲುಗಳಿಗೆ ವಿಮೆ ಇತ್ತು, ಸಿಬ್ಬಂದಿಯನ್ನು ನೋಡಿಕೊಳ್ಳುವ ಕಂಪನಿ ಇತ್ತು. ತಾಜ್‌ನ ಟವರ್ ಮತ್ತು ಟ್ರೈಡೆಂಟ್ 2008ರ ಡಿಸೆಂಬರ್ 21ಕ್ಕೇ ಬಾಗಿಲು ತೆರೆದವು, ತಾಜ್‌ನ ಹಳೆಯ ಅರಮನೆ ಭಾಗ 2010ರ ಆಗಸ್ಟ್‌ನಲ್ಲಿ. ಪ್ಲಾಟ್‌ಫಾರಂನಲ್ಲಿ ಸತ್ತ ದಿನಗೂಲಿಯವನ ಮನೆಯವರಿಗೆ ಇದ್ದದ್ದು ಸರಕಾರಿ ಕಚೇರಿಗಳ ಸಾಲು ಮಾತ್ರ. ದೊಡ್ಡ ದಾಳಿಯೊಂದು ಸಮಾಜದ ಮೇಲೆ ಏನು ಮಾಡಿತೆಂದು ಅಳೆಯಲು ಹೊರಟವರು ಮೊದಲು ಕೇಳಬೇಕಾದದ್ದು ಇದನ್ನೇ: ಯಾರ ಮೇಲೆ?

ಸಾಮಾನ್ಯ ನೌಕರರ ಪಾತ್ರ ಏನಿತ್ತು?

ಪೊಲೀಸರು, ಕಮಾಂಡೋಗಳು ಬರುವ ಮೊದಲಿನ ಗಂಟೆಗಳಲ್ಲಿ ಜೀವ ಉಳಿದದ್ದು ಅವರಿಂದಲೇ. ಸಿಎಸ್‌ಟಿಯ ಮೇಲ್ಮಹಡಿಯ ಕೋಣೆಯಲ್ಲಿದ್ದ ರೈಲ್ವೆ ಉದ್ಘೋಷಕರೊಬ್ಬರು ಕೆಳಗೆ ನಡೆಯುವುದು ಕಂಡ ಕೂಡಲೇ, ಯಾವ ಕಡೆಗೆ ಬರಬಾರದು, ಯಾವ ಬಾಗಿಲಿಂದ ಹೊರಗೆ ಹೋಗಬೇಕು ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ಕಾಮಾ ಆಸ್ಪತ್ರೆಯ ನರ್ಸ್ ಒಬ್ಬರು ವಾರ್ಡಿನ ಬಾಗಿಲು ಹಾಕಿ, ದೀಪ ಆರಿಸಿ, ಸುಮಾರು 20 ಗರ್ಭಿಣಿಯರನ್ನು ಪ್ಯಾಂಟ್ರಿಯೊಳಗೆ ಕೂರಿಸಿದರು.

ಇದರಿಂದ ಕಲಿಯಬೇಕಾದದ್ದು ಸರಳ. ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ ಯಾವುದೇ ಇರಲಿ, ಒಳಗಿನಿಂದ ಚಿಲಕ ಬೀಳುವ ಬಾಗಿಲು, ಬೀಗ ಹಾಕದ ಹಿಂಬಾಗಿಲು, ಕರೆಂಟು ಹೋದರೂ ನಡೆಯುವ ಮೈಕು ಇರಬೇಕು. ತುರ್ತು ಬಾಗಿಲಿಗೆ 'ಕಳ್ಳರ ಕಾಟ' ಎಂದು ಹೊರಗಿನಿಂದ ಬೀಗ ಜಡಿಯುವುದು ನಮ್ಮಲ್ಲಿ ಎಲ್ಲ ಕಡೆ ಕಾಣುವ ತಪ್ಪು.

ನೇರಪ್ರಸಾರದಿಂದ ನಿಜಕ್ಕೂ ತೊಂದರೆಯಾಯಿತೇ?

ಆಯಿತು. ಪಾಕಿಸ್ತಾನದಲ್ಲಿ ಕೂತು ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರು ನಮ್ಮ ವಾಹಿನಿಗಳನ್ನು ನೋಡಿಕೊಂಡೇ ಒಳಗಿದ್ದವರಿಗೆ ಹೊರಗಿನ ಚಲನವಲನ ತಿಳಿಸುತ್ತಿದ್ದರು. ಆ ಸಂಭಾಷಣೆಗಳ ಧ್ವನಿಮುದ್ರಣ ನ್ಯಾಯಾಲಯದ ದಾಖಲೆಯಲ್ಲಿದೆ. ಸುಪ್ರೀಂ ಕೋರ್ಟ್ 2012ರ ಆಗಸ್ಟ್ 29ರ ತೀರ್ಪಿನಲ್ಲಿ ವಾಹಿನಿಗಳನ್ನು ಕಟುವಾಗಿ ಟೀಕಿಸಿತು.

2015ರಲ್ಲಿ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿಯಾಯಿತು. ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆ ಮುಗಿಯುವವರೆಗೆ ನೇರಪ್ರಸಾರ ಇಲ್ಲ. ಸರಕಾರ ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ. ಆದರೆ ಈ ನಿಯಮ ಬರೆದಿರುವುದು ವಾಹಿನಿಗಳಿಗೆ. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಫೋನ್ ಹಿಡಿದು ಲೈವ್ ಹೋಗುವವರ ವಿಷಯದಲ್ಲಿ ಅವರವರ ವಿವೇಕವೇ ಗತಿ. ಭದ್ರತಾ ಪಡೆಯ ವಾಹನ, ಹೆಲಿಕಾಪ್ಟರ್, ಒಳಗೆ ಅವಿತವರಿಂದ ಬಂದ ಸಂದೇಶ, ಇವು ಮೂರನ್ನೂ ಯಾವ ಗುಂಪಿಗೂ ಕಳಿಸಬೇಡಿ. 26/11ರಲ್ಲಿ ಅಡಗಿ ಕೂತವರು ಎಲ್ಲಿದ್ದಾರೆಂಬುದು ಸುದ್ದಿಯಾಗಿ ಹೋದದ್ದು ಎಲ್ಲಕ್ಕಿಂತ ಅಪಾಯದ ಸಂಗತಿಯಾಗಿತ್ತು.

ನಮ್ಮವರು ಆ ಊರಿನಲ್ಲಿದ್ದಾರೆ, ಫೋನ್ ಸಿಗುತ್ತಿಲ್ಲ. ಮೊದಲ ದಿನ ಏನು ಮಾಡಬೇಕು?

ದೊಡ್ಡ ಘಟನೆಯಾದಾಗ ಮೊದಲು ಕೈಕೊಡುವುದು ಮೊಬೈಲ್ ಜಾಲ. ಎಲ್ಲರೂ ಒಟ್ಟಿಗೆ ಕರೆ ಮಾಡುತ್ತಾರೆ, ಟವರ್ ತುಂಬಿಹೋಗುತ್ತದೆ. ಕರೆ ಹೋಗದಿದ್ದರೂ ಎಸ್ಎಂಎಸ್ ಹೋಗುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಒಬ್ಬರನ್ನು ಮಾತ್ರ ಫೋನಿಗೆ ಗೊತ್ತುಮಾಡಿ. ಚಿಕ್ಕಪ್ಪ, ಮಾವ, ಅತ್ತಿಗೆ ಎಲ್ಲರೂ ಸರದಿಯಲ್ಲಿ ಕರೆ ಮಾಡಿದರೆ ಅಲ್ಲಿದ್ದವರ ಬ್ಯಾಟರಿ ಮುಗಿಯುವುದೊಂದೇ ಫಲ.

ನಂತರ ಮೂರು ಕಡೆ ವಿಚಾರಿಸಿ: ಘಟನೆ ನಡೆದ ಜಿಲ್ಲೆಯ ನಿಯಂತ್ರಣ ಕೊಠಡಿ, ನಿಮ್ಮ ಜಿಲ್ಲಾಧಿಕಾರಿ ಕಚೇರಿ, ಗಾಯಾಳುಗಳನ್ನು ಒಯ್ದ ದೊಡ್ಡ ಸರಕಾರಿ ಆಸ್ಪತ್ರೆಗಳು. ಮುಂಬೈಯಲ್ಲಿ ಜೆಜೆ, ಸೇಂಟ್ ಜಾರ್ಜ್, ಜಿಟಿ ಹೀಗೆ ಹಲವು ಆಸ್ಪತ್ರೆಗಳಿಗೆ ಗಾಯಾಳುಗಳು ಹಂಚಿಹೋಗಿದ್ದರು. ಒಂದೇ ಆಸ್ಪತ್ರೆಯ ಪಟ್ಟಿ ನೋಡಿ 'ಇಲ್ಲ' ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಹೆಸರು ಕೇಳಿಸಿದಂತೆ ಬರೆದುಕೊಂಡಿರುತ್ತಾರೆ. ಹಾಗಾಗಿ ವಯಸ್ಸು, ಎತ್ತರ, ಹಚ್ಚೆ, ಹಳೆಯ ಗಾಯದ ಗುರುತು, ತೊಟ್ಟ ಬಟ್ಟೆಯ ಬಣ್ಣವನ್ನು ಒಂದು ಹಾಳೆಯಲ್ಲಿ ಬರೆದು, ಮುಖ ಚೆನ್ನಾಗಿ ಕಾಣುವ ಇತ್ತೀಚಿನ ಫೋಟೊ ಜೊತೆಗಿಟ್ಟುಕೊಳ್ಳಿ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಹತರಾದಾಗ ಅವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ಹಾಗೆ ಸಾವು ಹೊರರಾಜ್ಯದಲ್ಲಾದರೆ, ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ, ಮನೆ ಇರುವ ಊರಿನಲ್ಲಿ ಅಲ್ಲ. ನೋಂದಣಿಗೆ ವಿಳಂಬ ಶುಲ್ಕವಿಲ್ಲದ ಅವಧಿ 21 ದಿನ. ಊರಿಗೆ ಹೊರಡುವ ಮೊದಲೇ ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲಿ, ಯಾವಾಗ ಸಿಗುತ್ತದೆ ಎಂಬ ವಿವರ, ಠಾಣೆಯ ಮತ್ತು ತನಿಖಾಧಿಕಾರಿಯ ಫೋನ್ ನಂಬರ್ ಪಡೆದುಕೊಳ್ಳಿ. ದುಃಖದಲ್ಲಿದ್ದವರಿಗೆ ಇದು ಆಗದ ಕೆಲಸ. ನೆಂಟರಲ್ಲಿ ಗಟ್ಟಿಯಾಗಿರುವ ಒಬ್ಬರು ಇದಕ್ಕೆಂದೇ ಹಿಂದೆ ಉಳಿಯಲಿ.

ಪರಿಹಾರ ಯಾವ ಯಾವ ದಾರಿಯಲ್ಲಿ ಸಿಗುತ್ತದೆ?

ಒಂದೇ ಕಿಟಕಿ ಇಲ್ಲ. ಮುಖ್ಯ ಗೊಂದಲ ಇಲ್ಲಿಂದಲೇ ಶುರು. ಮುಖ್ಯಮಂತ್ರಿ, ಪ್ರಧಾನಿ ಘೋಷಿಸುವ ಮೊತ್ತ ಪತ್ರಿಕೆಯಲ್ಲಿ ಬರುತ್ತದೆ, ಬೇಗ ಬರುವುದೂ ಅದೇ. ಉಳಿದವನ್ನು ನಾವೇ ಕೇಳಿ ಪಡೆಯಬೇಕು.

ಕೇಂದ್ರ ಗೃಹ ಸಚಿವಾಲಯದ ಯೋಜನೆಯೊಂದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಭಯೋತ್ಪಾದನೆ, ಕೋಮು ಗಲಭೆ, ನಕ್ಸಲ್ ಹಿಂಸೆಯಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆ, ಶೇ 50 ಅಥವಾ ಹೆಚ್ಚು ಶಾಶ್ವತ ಅಂಗವೈಕಲ್ಯ ಆದವರಿಗೆ ಆಗ ಇದ್ದದ್ದು 3 ಲಕ್ಷ ರೂಪಾಯಿ; 2016ರ ಆಗಸ್ಟ್‌ನಿಂದ 5 ಲಕ್ಷ. ಅರ್ಜಿ ಪರಿಶೀಲಿಸುವುದು ಜಿಲ್ಲಾಧಿಕಾರಿ ನೇತೃತ್ವದ ಸಮಿತಿ. ಕುಟುಂಬದ ಯಾರಿಗಾದರೂ ಇದೇ ಕಾರಣಕ್ಕೆ ಸರಕಾರಿ ಕೆಲಸ ಕೊಟ್ಟಿದ್ದರೆ ಈ ಹಣ ಸಿಗದು. ರಾಜ್ಯ ಸರಕಾರ ಕೊಟ್ಟ ಪರಿಹಾರ ಇದಕ್ಕೆ ಅಡ್ಡಿಯಲ್ಲ. ಮೊತ್ತ ಕೈಗೆ ಬರುವುದಿಲ್ಲ, ಕನಿಷ್ಠ ಮೂರು ವರ್ಷ ಬ್ಯಾಂಕ್ ಠೇವಣಿಯಲ್ಲಿರುತ್ತದೆ, ಬಡ್ಡಿ ಮಾತ್ರ ಖಾತೆಗೆ ಬೀಳುತ್ತದೆ. ನೆಂಟರು ಬಂದು ಸಾಲ ಕೇಳುವ ಕಾಲದಲ್ಲಿ ಈ ಷರತ್ತು ಎಷ್ಟೋ ವಿಧವೆಯರನ್ನು ಕಾಪಾಡಿದೆ ಎನ್ನಬೇಕು.

ರೈಲು ನಿಲ್ದಾಣದ ಆವರಣದಲ್ಲಾದರೆ ಇನ್ನೊಂದು ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ರೈಲ್ವೆ ಕಾಯ್ದೆಯ 124ಎ ಕಲಂ ಪ್ರಕಾರ ಭಯೋತ್ಪಾದಕ ಕೃತ್ಯವೂ 'ಅಹಿತಕರ ಘಟನೆ'. ಪ್ರಯಾಣಿಕರಿಗೆ ಮಾತ್ರವಲ್ಲ, ಪ್ಲಾಟ್‌ಫಾರಂ ಟಿಕೆಟ್ ಇದ್ದವರಿಗೂ ಅನ್ವಯ. ರೈಲ್ವೆಯ ತಪ್ಪಿದೆ ಎಂದು ಸಾಬೀತು ಮಾಡಬೇಕಿಲ್ಲ. ಸಾವಿಗೆ ಆಗ 4 ಲಕ್ಷ ಇತ್ತು, 2017ರ ಜನವರಿ 1ರಿಂದ 8 ಲಕ್ಷ. ಅರ್ಜಿ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ, ಒಂದು ವರ್ಷದೊಳಗೆ. ತಡವಾದರೆ ಸಕಾರಣ ತೋರಿಸಬೇಕು. ಅರ್ಜಿದಾರರು ವಾಸಿಸುವ ಪ್ರದೇಶದ ಪೀಠಕ್ಕೇ ಸಲ್ಲಿಸಬಹುದು, ಅಂದರೆ ಕರ್ನಾಟಕದವರಿಗೆ ಬೆಂಗಳೂರು ಪೀಠ. ಟಿಕೆಟ್ ಕಳೆದುಹೋಗಿದ್ದರೆ ರಿಸರ್ವೇಶನ್ ಪಟ್ಟಿ, ಪಿಎನ್‌ಆರ್ ಸಂದೇಶ, ಸಹಪ್ರಯಾಣಿಕರ ಹೇಳಿಕೆ ಒದಗಿಸಿ.

ಇದಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಜೀವ ವಿಮೆ, ಅಪಘಾತ ವಿಮೆ, ಜನಧನ ಖಾತೆಯ ರುಪೇ ಕಾರ್ಡಿನ ವಿಮೆ, ಕಂಪನಿಯ ಗುಂಪು ವಿಮೆ, ಪಿಎಫ್ ಜೊತೆಗಿನ ವಿಮೆ, ಇವನ್ನೆಲ್ಲ ಒಂದೊಂದಾಗಿ ನೋಡಿ. ಪ್ರತಿಯೊಂದಕ್ಕೂ ಅದರದ್ದೇ ಗಡುವು, ಷರತ್ತು ಇರುತ್ತವೆ.

ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ?

ಹೆಸರಿನಲ್ಲಿ. ಆಧಾರ್‌ನಲ್ಲಿ 'ಮಂಜುನಾಥ ಕೆ', ಬ್ಯಾಂಕಿನಲ್ಲಿ 'ಕೆ. ಮಂಜುನಾಥ್', ಎಫ್‌ಐಆರ್‌ನಲ್ಲಿ ಹೊರರಾಜ್ಯದ ಪೊಲೀಸರು ಬರೆದ ಮೂರನೆಯ ರೂಪ. ಮೂರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಡಿ. ಎಫ್‌ಐಆರ್‌ನಲ್ಲಿ ತಪ್ಪಿದ್ದರೆ ತನಿಖಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ವಾರಸುದಾರಿಕೆ ಎರಡನೆಯ ಗಂಟು. ನಾಡಕಚೇರಿಯಿಂದ ವಂಶವೃಕ್ಷ ಮತ್ತು ಜೀವಂತ ಸದಸ್ಯರ ದೃಢೀಕರಣ ಪತ್ರ ಬೇಕು. ಹೆಂಡತಿ ಒಂದು ಕಡೆ, ತಂದೆತಾಯಿ ಇನ್ನೊಂದು ಕಡೆ ಅರ್ಜಿ ಹಾಕಿದರೆ ಕಡತ ಅಲ್ಲೇ ಕೂರುತ್ತದೆ. ಹಂಚಿಕೊಳ್ಳುವುದು ಹೇಗೆಂದು ಮನೆಯೊಳಗೆ ಮಾತಾಡಿ, ಒಂದೇ ಅರ್ಜಿ ಕೊಡುವುದು ಒಳ್ಳೆಯದು.

ಗಾಯಾಳುಗಳ ಕಷ್ಟ ಬೇರೆ. ಶೇ 50 ಎಂಬ ಗೆರೆ ಕ್ರೂರವಾದದ್ದು. ಕಾಲಿಗೆ ಗುಂಡು ಬಿದ್ದು ಕೂಲಿ ಕೆಲಸ ಮಾಡಲಾಗದವನ ಪ್ರಮಾಣಪತ್ರದಲ್ಲಿ ಶೇ 40 ಎಂದಿದ್ದರೆ ಕೇಂದ್ರದ ಯೋಜನೆ ಅವನಿಗಿಲ್ಲ. ಅವಸರದಲ್ಲಿ, ಚಿಕಿತ್ಸೆ ಮುಗಿಯುವ ಮೊದಲೇ ಪ್ರಮಾಣಪತ್ರ ಮಾಡಿಸಿಕೊಂಡವರು ಮರುಪರೀಕ್ಷೆಗೆ ಅರ್ಜಿ ಹಾಕಬಹುದು. ಸ್ಫೋಟದಲ್ಲಿ ಕಿವಿಯ ತಮಟೆ ಹರಿದಿರುವುದು ಎಷ್ಟೋ ಸಲ ತಿಂಗಳ ನಂತರ ತಿಳಿಯುತ್ತದೆ. ಮೊದಲ ವಾರದಲ್ಲೇ ಶ್ರವಣ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡರೆ ಆಮೇಲೆ 'ಇದು ಆ ಘಟನೆಯದ್ದಲ್ಲ' ಎಂದು ಯಾರೂ ಹೇಳಲಾರರು.

ಮನಸ್ಸಿನ ಮೇಲಾಗುವ ಪರಿಣಾಮ ಎಷ್ಟು ದಿನ ಇರುತ್ತದೆ?

ಮೊದಲ ಎರಡು ಮೂರು ವಾರ ನಿದ್ದೆ ಬಾರದಿರುವುದು, ಸದ್ದಿಗೆ ಬೆಚ್ಚುವುದು, ಅದೇ ದೃಶ್ಯ ಮರುಕಳಿಸುವುದು, ಸುಮ್ಮನೆ ಸಿಟ್ಟು ಬರುವುದು ಕಾಯಿಲೆಯಲ್ಲ. ಹೆಚ್ಚಿನವರು ಔಷಧವಿಲ್ಲದೆ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ದಾಟಿಯೂ ಇವು ಬಿಡದಿದ್ದರೆ, ಆ ಜಾಗ, ಆ ರೈಲು, ಆ ಮಾತು ಎಲ್ಲದರಿಂದ ತಪ್ಪಿಸಿಕೊಂಡು ಬದುಕುವಂತಾದರೆ, ಕೆಲಸ ಅಥವಾ ಸಂಸಾರ ಕೆಡುತ್ತಿದ್ದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಇರಬಹುದು. ಮನೋವೈದ್ಯರನ್ನು ಕಾಣಬೇಕು. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಫಲ ಕೊಡುತ್ತದೆ.

ಒಳ್ಳೆಯ ಮನಸ್ಸಿನಿಂದಲೇ ಮಾಡುವ ಎರಡು ತಪ್ಪುಗಳಿವೆ. ಮೊದಲನೆಯದು, ಬದುಕುಳಿದವರನ್ನು ಕೂರಿಸಿ 'ಎಲ್ಲ ಹೇಳಿಬಿಡು, ಹಗುರಾಗುತ್ತೀಯ' ಎಂದು ಒತ್ತಾಯಿಸಿ ಕಥೆ ಹೇಳಿಸುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡುವುದಿಲ್ಲ. ಊಟ, ಹೊದಿಕೆ, ಚಾರ್ಜರ್, ಮನೆಯವರ ಜೊತೆ ಮಾತಾಡಿಸುವುದು, ಅವರಾಗಿಯೇ ಮಾತಾಡಿದರೆ ಕೇಳುವುದು, ಇಷ್ಟು ಸಾಕು. ಎರಡನೆಯದು, ನಿದ್ದೆಗೆಂದು ಆಲ್ಪ್ರಜೋಲಾಂ, ಡಯಜೆಪಾಂನಂಥ ಮಾತ್ರೆ ನುಂಗಿಸುವುದು. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆ ಇವನ್ನು ಕೊಡಬಾರದೆಂದೇ ಆ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರುವುದಂತೂ ಬೇಡವೇ ಬೇಡ.

ದೇಶದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ.

ನಾವು ದೂರದಲ್ಲಿದ್ದು ಟಿವಿಯಲ್ಲಿ ನೋಡಿದವರು. ನಮಗೂ ಹೀಗಾಗುತ್ತದೆಯೇ?

ಆಗುತ್ತದೆ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದೇ ಸುದ್ದಿ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚು ಒತ್ತಡದ ಲಕ್ಷಣಗಳು ಕಂಡವು. ಸಣ್ಣ ಮಕ್ಕಳಿಗೆ ಮರುಪ್ರಸಾರ ಎಂಬುದು ತಿಳಿಯುವುದಿಲ್ಲ. ಹತ್ತು ಸಲ ತೋರಿಸಿದರೆ ಹತ್ತು ಕಟ್ಟಡ ಉರಿಯುತ್ತಿವೆ ಎಂದುಕೊಳ್ಳುತ್ತಾರೆ. ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದಿರುವುದು, ಶಾಲೆಗೆ ಹೋಗುವುದಿಲ್ಲ ಎಂಬ ಹಟ ಕೆಲ ವಾರ ಇರಬಹುದು. ಬೈಯಬೇಡಿ. ಟಿವಿ ಆರಿಸಿ, ಕೇಳಿದ್ದಕ್ಕೆ ಮಾತ್ರ ನಿಜವಾದ ಚಿಕ್ಕ ಉತ್ತರ ಕೊಡಿ.

ರಕ್ತ ಕೊಡಲು ತಕ್ಷಣ ಓಡಬೇಕೇ?

ಫೋನ್ ಮಾಡಿ ಕೇಳಿ ಹೋಗಿ. ಗಾಯಾಳುಗಳಿಗೆ ಮೊದಲ ಗಂಟೆಗಳಲ್ಲಿ ಏರಿಸುವುದು ಆಗಲೇ ಪರೀಕ್ಷೆಯಾಗಿ ಫ್ರಿಜ್‌ನಲ್ಲಿರುವ ರಕ್ತ. ಕೆಂಪು ರಕ್ತಕಣ 35ರಿಂದ 42 ದಿನ, ಪ್ಲೇಟ್‌ಲೆಟ್ 5 ದಿನ ಮಾತ್ರ ಉಳಿಯುತ್ತವೆ. ಎಲ್ಲರೂ ಒಂದೇ ದಿನ ಕೊಟ್ಟರೆ ಒಂದಷ್ಟು ಚೆಲ್ಲಿಹೋಗುತ್ತದೆ, ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಸಾಲು ಸಾಲು ಶಸ್ತ್ರಚಿಕಿತ್ಸೆಗಳು ನಡೆಯುವ ಮುಂದಿನ ವಾರಗಳಲ್ಲಿ ಕೊಡುವವರೇ ಇರುವುದಿಲ್ಲ.

ಕಾನೂನಿನಲ್ಲಿ ಏನು ಬದಲಾಯಿತು?

ದಾಳಿ ಮುಗಿದು ಮೂರು ವಾರವಾಗುವಷ್ಟರಲ್ಲಿ ಸಂಸತ್ತು ಎರಡು ಮಸೂದೆ ಒಪ್ಪಿತು, ಡಿಸೆಂಬರ್ 31ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಒಂದರಿಂದ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಹುಟ್ಟಿತು. ರಾಜ್ಯದ ಒಪ್ಪಿಗೆಗೆ ಕಾಯದೆ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರ ಅದಕ್ಕಿದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಕೆಲವೇ ದಿನಗಳಲ್ಲಿ ತನಿಖೆ ಎನ್‌ಐಎಗೆ ಹೋದದ್ದು ಈ ಕಾಯ್ದೆಯಡಿಯಲ್ಲೇ.

ಇನ್ನೊಂದು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ತಿದ್ದುಪಡಿ. ಜನಜೀವನದ ಮೇಲೆ ಇದರ ನೆರಳು ಉದ್ದ. ಆರೋಪಪಟ್ಟಿ ಸಲ್ಲಿಸುವ ಅವಧಿಯನ್ನು 90 ದಿನದಿಂದ 180ರವರೆಗೆ ವಿಸ್ತರಿಸಬಹುದು. ಪೊಲೀಸ್ ಕಸ್ಟಡಿ 30 ದಿನದವರೆಗೆ. ಮೇಲ್ನೋಟಕ್ಕೆ ಆರೋಪ ನಿಜವಿರಬಹುದು ಎಂದು ನ್ಯಾಯಾಲಯಕ್ಕೆ ಅನಿಸಿದರೆ ಜಾಮೀನು ಕೊಡುವಂತಿಲ್ಲ. ವಿಚಾರಣೆ ವರ್ಷಗಟ್ಟಲೆ ನಡೆಯುವ ನಮ್ಮಲ್ಲಿ ಇದರ ಅರ್ಥ, ತಪ್ಪಿಲ್ಲವೆಂದು ಕೊನೆಗೆ ಬಿಡುಗಡೆಯಾಗುವವರೂ ಮೊದಲು ಜೈಲಿನಲ್ಲಿ ಕಳೆಯಬೇಕು. ವಿಚಾರಣೆ ವಿಪರೀತ ತಡವಾದರೆ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಮೇಲೆ ಒಂದು ಸಣ್ಣ ಬಾಗಿಲು ತೆರೆದಿದೆ. ಭಯದ ಬಿಸಿಯಲ್ಲಿ, ಹೆಚ್ಚು ಚರ್ಚೆಯಿಲ್ಲದೆ ಮಾಡಿದ ಕಾನೂನು ಬಿಸಿ ಆರಿದ ಮೇಲೆ ವಾಪಸ್ ಬರುವುದು ಅಪರೂಪ.

ಎಲ್ಲವೂ ಜಾರಿಯಾಗಲಿಲ್ಲ. 2012ರ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರದ ಯೋಜನೆ ಮುಖ್ಯಮಂತ್ರಿಗಳ ವಿರೋಧದಿಂದ ನಿಂತುಹೋಯಿತು. ಮುಂಬೈಯ ಸುಮಾರು 4,700 ಸಿಸಿಟಿವಿ ಕ್ಯಾಮೆರಾಗಳ ಯೋಜನೆ ಉದ್ಘಾಟನೆಯಾಗಲು 2016 ಬರಬೇಕಾಯಿತು.

ಕಸಬ್‌ಗೆ ವಕೀಲರನ್ನು ಯಾಕೆ ಕೊಡಬೇಕಿತ್ತು?

ಆಗ ಅನೇಕ ವಕೀಲರು ಅವನ ಪರ ನಿಲ್ಲುವುದಿಲ್ಲ ಎಂದರು, ಒಪ್ಪಿದವರು ಬೆದರಿಕೆ ಎದುರಿಸಿದರು. ಕೊನೆಗೆ ನ್ಯಾಯಾಲಯವೇ ವಕೀಲರನ್ನು ನೇಮಿಸಿತು. ಆರ್ಥರ್ ರೋಡ್ ಜೈಲಿನ ವಿಶೇಷ ನ್ಯಾಯಾಲಯ 2010ರ ಮೇ ತಿಂಗಳಲ್ಲಿ ಮರಣದಂಡನೆ ವಿಧಿಸಿತು, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಎತ್ತಿಹಿಡಿದವು, 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ಅದೇ ಪ್ರಕರಣದಲ್ಲಿ ಆರೋಪಿಗಳಾಗಿದ್ದ ಇಬ್ಬರು ಭಾರತೀಯರು ಸಾಕ್ಷ್ಯ ಸಾಲದೆ ಖುಲಾಸೆಯಾದರು. ವಕೀಲರೇ ಇಲ್ಲದ ವಿಚಾರಣೆಯಾಗಿದ್ದರೆ ಆ ತೀರ್ಪಿಗೆ ಹೊರದೇಶಗಳಲ್ಲಿ ಕವಡೆ ಕಿಮ್ಮತ್ತೂ ಇರುತ್ತಿರಲಿಲ್ಲ.

ಇನ್ನೊಂದು ಫಲ ಹೆಚ್ಚು ಜನರಿಗೆ ತಿಳಿಯದು. ಬಂಧಿತ ವ್ಯಕ್ತಿಯನ್ನು ಮೊದಲ ಬಾರಿ ಹಾಜರುಪಡಿಸಿದಾಗಲೇ ಉಚಿತ ಕಾನೂನು ನೆರವಿನ ಹಕ್ಕಿದೆಯೆಂದು ಮ್ಯಾಜಿಸ್ಟ್ರೇಟರು ಹೇಳಲೇಬೇಕು ಎಂದು ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ನಿರ್ದೇಶಿಸಿದ್ದು ಇದೇ ತೀರ್ಪಿನಲ್ಲಿ. ಇಂದು ಕೋಳಿ ಕದ್ದ ಆರೋಪಿಗೂ ಅದರ ಪ್ರಯೋಜನವಿದೆ.

ಹಿಂದೂ-ಮುಸ್ಲಿಂ ಸಂಬಂಧ ಕೆಟ್ಟಿತೇ?

ದೊಡ್ಡ ಗಲಭೆ ಆಗಲಿಲ್ಲ. ಸತ್ತವರಲ್ಲಿ ಮುಸ್ಲಿಮರೂ ಹಲವರಿದ್ದರು, ಸಿಎಸ್‌ಟಿಯಲ್ಲಿ ವಿಶೇಷವಾಗಿ. ಹತರಾದ ಒಂಬತ್ತು ಉಗ್ರರಿಗೆ ತಮ್ಮ ಕಬರಸ್ತಾನದಲ್ಲಿ ಜಾಗ ಕೊಡುವುದಿಲ್ಲವೆಂದು ಮುಂಬೈಯ ಮುಸ್ಲಿಂ ಸಂಸ್ಥೆಗಳು ನಿರಾಕರಿಸಿದವು. ಹೆಣಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಜೆಜೆ ಆಸ್ಪತ್ರೆಯ ಶವಾಗಾರದಲ್ಲಿದ್ದು, 2010ರ ಜನವರಿಯಲ್ಲಿ ಗುಟ್ಟಾಗಿ ಹೂಳಲಾಯಿತು. ದಾಳಿಯಾದ ವರ್ಷದ ಬಕ್ರೀದ್‌ನಲ್ಲಿ ಅನೇಕರು ಕಪ್ಪು ಪಟ್ಟಿ ಕಟ್ಟಿಕೊಂಡು ನಮಾಜ್ ಮಾಡಿದರು. ಒಂದು ಸಮುದಾಯ ಮತ್ತೆ ಮತ್ತೆ ತನ್ನ ನಿಷ್ಠೆ ತೋರಿಸಿಕೊಳ್ಳಬೇಕಾಗಿ ಬರುವುದೂ ದಾಳಿಯ ಪರಿಣಾಮವೇ ಎಂಬುದನ್ನು ಮರೆಯಬಾರದು. ಪಹಲ್ಗಾಮ್ ನಂತರ ಹಲವು ರಾಜ್ಯಗಳಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳಿಗೆ ಕಿರುಕುಳವಾಯಿತು.

ಭಯ ಹಬ್ಬಲು ಬಾಂಬೇ ಬೇಕಿಲ್ಲ. 2012ರ ಆಗಸ್ಟ್‌ನಲ್ಲಿ ಬರೀ ಎಸ್ಎಂಎಸ್ ವದಂತಿಗೆ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಊರು ಬಿಟ್ಟರು, ವಿಶೇಷ ರೈಲು ಓಡಿಸಬೇಕಾಯಿತು. ಬಾಡಿಗೆ ಮನೆಯ ಮಾಲೀಕರು, ಪಿಜಿ ನಡೆಸುವವರು ಮೊದಲ ದಿನವೇ 'ನೀವು ಇಲ್ಲೇ ಇರಿ' ಎಂದು ಬಾಯಿಬಿಟ್ಟು ಹೇಳುವುದು ಶಾಂತಿ ಸಭೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕರಾವಳಿಯ ಮೀನುಗಾರರಿಗೂ ಮುಂಬೈ ದಾಳಿಗೂ ಏನು ಸಂಬಂಧ?

ಉಗ್ರರು ಬಂದದ್ದು ಮೀನುಗಾರರ ಬೋಟಿನಲ್ಲಿ. ದಡದಲ್ಲಿ ಅವರನ್ನು ಮೊದಲು ಕಂಡು 'ಯಾರು ನೀವು' ಎಂದವರೂ ಮೀನುಗಾರರೇ. ನಂತರದ ವ್ಯವಸ್ಥೆ ಅವರನ್ನು ಕಣ್ಣು ಕಿವಿ ಎಂದು ಹೊಗಳುತ್ತಲೇ ಅನುಮಾನದಿಂದಲೂ ನೋಡಿತು.

2009ರಲ್ಲಿ ಒಟ್ಟು ಸಮುದ್ರ ಭದ್ರತೆಯ ಹೊಣೆ ನೌಕಾಪಡೆಗೆ ಬಂತು. ದಡದ ಹತ್ತಿರದ ನೀರಿನ ಗಸ್ತು ಕರಾವಳಿ ಪೊಲೀಸರದ್ದು, ಅದರಾಚೆ ಕೋಸ್ಟ್ ಗಾರ್ಡ್. ಸುಮಾರು 320 ಕಿಲೋಮೀಟರ್ ಕರಾವಳಿಯ ಕರ್ನಾಟಕದಲ್ಲಿ ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸ್ ಪಡೆಗೆ ಮಂಗಳೂರಿನಿಂದ ಕಾರವಾರದವರೆಗೆ 9 ಠಾಣೆಗಳಿವೆ. ಮೀನುಗಾರರಿಗೆ ಬೆರಳಚ್ಚಿನ ಗುರುತಿನ ಚೀಟಿ, ಬೋಟುಗಳಿಗೆ ಕಡ್ಡಾಯ ನೋಂದಣಿ, ರಾಜ್ಯಕ್ಕೊಂದು ಬಣ್ಣದ ಸಂಕೇತ, 20 ಮೀಟರಿಗಿಂತ ಉದ್ದದ ಬೋಟಿಗೆ ಎಐಎಸ್ (ಬೋಟಿನ ಗುರುತು, ಇರುವ ಜಾಗ ತಾನಾಗಿ ತಿಳಿಸುವ) ಉಪಕರಣ ಬಂದವು. ಆಗಾಗ 'ಸಾಗರ ಕವಚ' ಅಣಕು ಕಾರ್ಯಾಚರಣೆ ನಡೆಯುತ್ತದೆ. ವೇಷ ಮರೆಸಿಕೊಂಡ ತಂಡ ಒಳನುಗ್ಗಲು ನೋಡುತ್ತದೆ, ಇನ್ನೊಂದು ತಡೆಯುತ್ತದೆ. ಆ ದಿನ ಧಕ್ಕೆಯಲ್ಲಿ ತಪಾಸಣೆ ಜೋರು.

ಎಲ್ಲಿ ಎಡವುತ್ತದೆ? ಗಸ್ತು ದೋಣಿಗೆ ಡೀಸೆಲ್ ಮಿತಿ, ಬಿಡಿಭಾಗದ ಕೊರತೆ, ಸಮುದ್ರ ಗೊತ್ತಿಲ್ಲದ ಸಿಬ್ಬಂದಿಯ ವರ್ಗಾವಣೆ. ಬೋಟಿನಲ್ಲಿ ಹೊರರಾಜ್ಯದ ಕೂಲಿಗಳೇ ಹೆಚ್ಚಿದ್ದು, ಪ್ರತಿ ಟ್ರಿಪ್ಪಿಗೂ ಜನ ಬದಲಾಗುವುದರಿಂದ ಮಾಲೀಕರ ಪಟ್ಟಿಗೂ ಬೋಟಿನಲ್ಲಿರುವವರಿಗೂ ತಾಳೆಯಾಗುವುದಿಲ್ಲ. ಹೊರಡುವ ಮುನ್ನ ಎಲ್ಲರ ಆಧಾರ್ ಪ್ರತಿ ದಡದಲ್ಲಿ ಒಂದು, ಬೋಟಿನಲ್ಲಿ ಒಂದು ಇಡುವುದು ತಂಡೇಲನಿಗೂ ಒಳ್ಳೆಯದು. ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರ ಸಮೇತ ಕಾಣೆಯಾದಾಗ, 26/11 ಆಗಿ ಹತ್ತು ವರ್ಷವಾಗಿತ್ತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಸಮೀಪದ ಸಮುದ್ರದಲ್ಲಿ. ಇಷ್ಟು ಕಾವಲಿದ್ದೂ ಒಂದು ಬೋಟು ಎಲ್ಲಿ ಹೋಯಿತೆಂದು ತಿಳಿಯಲು ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು 1 ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ ಚಾಲನೆ ಸಿಕ್ಕಿದ್ದು 2024ರಲ್ಲಿ.

ಅನುಮಾನಾಸ್ಪದ ದೋಣಿ ಕಂಡರೆ ಕರಾವಳಿ ಪೊಲೀಸರ ಸಂಖ್ಯೆ 1093. ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದರೆ ಕೋಸ್ಟ್ ಗಾರ್ಡ್ 1554.

ಮಾಲ್, ಹೋಟೆಲ್ ಗೇಟಿನ ತಪಾಸಣೆಯಿಂದ ಉಪಯೋಗವಿದೆಯೇ?

ಲೋಹಶೋಧಕ ಬೀಪ್ ಎನ್ನುವುದಷ್ಟೇ ಅದರ ಕೆಲಸ. ಬೀಪ್ ಆದವರನ್ನು ಪಕ್ಕಕ್ಕೆ ಕರೆದು ನೋಡುವ ಇನ್ನೊಬ್ಬ ಇಲ್ಲದಿದ್ದರೆ ಅದು ಬಾಗಿಲ ಅಲಂಕಾರ. ಜೇಬಿನ ಕೀಲಿ, ಮೊಬೈಲ್ ತೆಗೆಸದೆ ಒಳಬಿಡುವ ಕಡೆ ಎಲ್ಲರಿಗೂ ಬೀಪ್ ಆಗುತ್ತದೆ, ಒಂದು ಗಂಟೆಯಲ್ಲಿ ಕಾವಲುಗಾರನ ಕಿವಿ ಅದನ್ನು ಕೇಳುವುದನ್ನೇ ಬಿಡುತ್ತದೆ. ನಿಯಮದ ಪ್ರಕಾರ ಖಾಸಗಿ ಭದ್ರತಾ ಸಿಬ್ಬಂದಿಗೆ 100 ಗಂಟೆ ತರಗತಿ, 60 ಗಂಟೆ ಪ್ರಾಯೋಗಿಕ ತರಬೇತಿ ಆಗಬೇಕು. 12 ಗಂಟೆ ಪಾಳಿಯಲ್ಲಿ ಕೂರಲು ಸ್ಟೂಲೂ ಇಲ್ಲದೆ ನಿಂತವರಿಗೆ ಅದು ಆಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಹಣವಿದ್ದವರ ದಾರಿ ಬೇರೆ: 2009ರ ಕಾಯ್ದೆ ತಿದ್ದುಪಡಿಯ ನಂತರ ಖಾಸಗಿ ಸಂಸ್ಥೆಗಳೂ ವೆಚ್ಚ ಭರಿಸಿ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾವಲು ಪಡೆಯಬಹುದು. ಮೊದಲು ಪಡೆದವುಗಳಲ್ಲಿ ಬೆಂಗಳೂರಿನ ಇನ್ಫೋಸಿಸ್ ಆವರಣವೂ ಒಂದು.

ಕಮಾಂಡೋಗಳು ತಡವಾಗಿ ಬಂದರು ಎನ್ನುತ್ತಾರೆ. ಈಗ?

ಆಗ ಕಮಾಂಡೋ ಪಡೆಯಾದ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ದಳ) ಇದ್ದದ್ದು ಹರಿಯಾಣದ ಮಾನೇಸರದಲ್ಲಿ ಮಾತ್ರ. ವಿಮಾನ ಚಂಡೀಗಢದಿಂದ ದೆಹಲಿಗೆ ಬರಬೇಕಾಯಿತು. ಮುಂಬೈ ಮುಟ್ಟುವಾಗ ಬೆಳಗಿನ ಜಾವ. 2009ರಲ್ಲಿ ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ಎನ್‌ಎಸ್‌ಜಿ ನೆಲೆಗಳಾದವು. ಕರ್ನಾಟಕ ತನ್ನದೇ 'ಗರುಡ' ಪಡೆ ಕಟ್ಟಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಒಳಗೆ ಹುತಾತ್ಮರಾದರು. 2009ರ ಗಣರಾಜ್ಯೋತ್ಸವದಂದು ಅಶೋಕ ಚಕ್ರ ಘೋಷಣೆಯಾಯಿತು.

ವ್ಯಾಪಾರ, ಪ್ರವಾಸೋದ್ಯಮ ಕುಸಿಯಿತೇ?

ಅಂದುಕೊಂಡಷ್ಟಿಲ್ಲ. ಷೇರುಪೇಟೆ 27ರಂದು ಮುಚ್ಚಿ, 28ರಂದು ಸ್ವಲ್ಪ ಏರಿಕೆಯಲ್ಲೇ ದಿನ ಮುಗಿಸಿತು. ವಿದೇಶಿ ಪ್ರವಾಸಿಗರ ಸಂಖ್ಯೆ 2008ರ ಸುಮಾರು 52.8 ಲಕ್ಷದಿಂದ 2009ರಲ್ಲಿ 51.7 ಲಕ್ಷಕ್ಕಿಳಿದು, 2010ರಲ್ಲಿ ಮತ್ತೆ ಏರಿತು. ಆ ಇಳಿಕೆಯಲ್ಲೂ ಜಾಗತಿಕ ಆರ್ಥಿಕ ಬಿಕ್ಕಟ್ಟಿನ ಪಾಲಿದೆ. ಹೊಡೆತ ತಿಂದದ್ದು ಸರಾಸರಿಯಲ್ಲಿ ಕಾಣದವರು: ಕೊಲಾಬಾದ ಬೀದಿ ವ್ಯಾಪಾರಿ, ಟ್ಯಾಕ್ಸಿ ಚಾಲಕ, ಗೈಡು.

ಜನರ ಸಿಟ್ಟು ಮತದಾನದಲ್ಲಿ ಕಂಡಿತೇ?

ಡಿಸೆಂಬರ್ 3ರಂದು ಗೇಟ್‌ವೇ ಆಫ್ ಇಂಡಿಯಾ ಎದುರು ಭಾರಿ ಜನ ಸೇರಿ ರಾಜಕಾರಣಿಗಳ ವಿರುದ್ಧ ಕೂಗಿದರು. ಕೇಂದ್ರ ಗೃಹ ಸಚಿವ ಶಿವರಾಜ್ ಪಾಟೀಲ್, ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್, ರಾಜ್ಯದ ಗೃಹ ಸಚಿವ ಆರ್.ಆರ್. ಪಾಟೀಲ್ ಮೂವರೂ ಹುದ್ದೆ ಬಿಟ್ಟರು. ಐದು ತಿಂಗಳ ನಂತರದ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯ ಮತದಾನ ಸುಮಾರು ಶೇ 40, ಅದೂ 2004ಕ್ಕಿಂತ ಕಡಿಮೆ. ಆಳುವ ಮೈತ್ರಿಕೂಟವೇ ಗೆದ್ದಿತು. ಆರ್.ಆರ್. ಪಾಟೀಲ್ ಅದೇ ವರ್ಷ ಮತ್ತೆ ಗೃಹ ಸಚಿವರಾದರು.

ಪ್ರಕರಣ ಮುಗಿದಿದೆಯೇ?

ಇಲ್ಲ. ಗುರಿಗಳನ್ನು ಮೊದಲೇ ಬಂದು ನೋಡಿ ಹೋಗಿದ್ದ ಡೇವಿಡ್ ಹೆಡ್ಲಿಗೆ ಅಮೆರಿಕದಲ್ಲಿ 2013ರಲ್ಲಿ 35 ವರ್ಷ ಶಿಕ್ಷೆಯಾಯಿತು. ತಪ್ಪೊಪ್ಪಿಗೆಯ ಒಪ್ಪಂದದ ಕಾರಣ ಅವನನ್ನು ಭಾರತಕ್ಕೆ ಒಪ್ಪಿಸಿಲ್ಲ. ಪಾಕಿಸ್ತಾನದಲ್ಲಿ 2009ರಲ್ಲಿ ಶುರುವಾದ ವಿಚಾರಣೆಯ ಸರಕಾರಿ ವಕೀಲ 2013ರಲ್ಲಿ ಗುಂಡಿಗೆ ಬಲಿಯಾದರು, ಮುಖ್ಯ ಆರೋಪಿ ಲಖ್ವಿ 2015ರಲ್ಲಿ ಜಾಮೀನಿನ ಮೇಲೆ ಹೊರಬಂದ. ಹೆಡ್ಲಿಯ ಗೆಳೆಯ ತಹವ್ವುರ್ ರಾಣಾನನ್ನು 2025ರ ಏಪ್ರಿಲ್ 10ರಂದು ಅಮೆರಿಕದಿಂದ ದೆಹಲಿಗೆ ಕರೆತಂದು ಎನ್‌ಐಎ ವಿಶೇಷ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು.